ಎರಡನೇ ಸಂಬಂಧದ ಹಡಗು

ಮಾರ್ಚ್ 3

ಎಡಗಡೆ ಇಂಜಿನ್‌ನ ತಂಪುನೀರಿನ ಪೈಪು ಮತ್ತೆ ಬಿಚ್ಚಿದ್ದಾಯಿತು. ಜಾಯಿಂಟಿನಲ್ಲಿ ಹನಿ. ಬಿಗಿ ಮಾಡಿದಷ್ಟೂ ಸೋರುತ್ತದೆ. ಬೀಗರು ಬಂದು ನೋಡಿ ಬೋಲ್ಟನ್ನು ಅರ್ಧ ಸುತ್ತು ಸಡಿಲ ಮಾಡಿದರು. ನಿಂತಿತು.

"ಅತ್ತೆ ಸೊಸೆ ಇದ್ದ ಹಾಗೆ ಇವೆರಡು ತುದಿ. ತೀರಾ ಹತ್ತಿರ ತಂದ್ರೆ ಜಗಳ."

ಬೀಗರು ಅಂದರೆ ಈ ದೇಶದ ನೌಕಾಪಡೆಯ ಹಳೇ ಇಂಜಿನ್ ಚೀಫ್. ಅರ್ಧ ಸರ್ವಿಸ್ ಈ ಗಸ್ತು ಹಡಗಿನ ಹೊಟ್ಟೆಯಲ್ಲೇ ಕಳೆದವರು. ಹಡಗು ಈಗ ನಮಗೆ ಬರುತ್ತಿದೆ. ಎರಡೂ ಸ್ನೇಹದ ದೇಶಗಳು. ಅವರಿಗೆ ದೊಡ್ಡ ಹಡಗು ಬಂತು, ಚಿಕ್ಕದನ್ನು ರಿಪೇರಿ ಮಾಡಿ ನಮಗೆ ಕೊಡುತ್ತಿದ್ದಾರೆ. ಹೊಸ ಬಣ್ಣ, ಹೊಸ ರೇಡಾರ್. ಇಂಜಿನ್ ಮಾತ್ರ ಹಳೆಯವೇ, ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ್ದು. ಕಲಿತು, ಓಡಿಸಿಕೊಂಡು ಹೋಗಲು ನಾವು ಒಂಬತ್ತು ಜನ ಬಂದಿದ್ದೇವೆ; ಹೊಸ ಇಂಜಿನ್ ಚೀಫ್ ನಾನು. ಮೊದಲ ದಿನವೇ ನಮ್ಮ ಅಡುಗೆಯವನು ಹೇಳಿದ — "ಹೆಣ್ಣು ಕೊಡೋರು ಅವರು, ತರೋರು ನಾವು. ಅಂದ್ಮೇಲೆ ಬೀಗರೇ ತಾನೆ?" ಹೆಸರು ನಿಂತುಬಿಟ್ಟಿತು. ಅವರಿಗೆ ಅರ್ಥ ಹೇಳಿದಾಗ ಹೊಟ್ಟೆ ಹಿಡಿದು ನಕ್ಕರು.

"ಎರಡನೇ ಸಂಬಂಧ ಇದು. ಮುಚ್ಚಿಟ್ಟಿಲ್ಲ ನೋಡಿ. ಗೊತ್ತಿದ್ದೇ ಒಪ್ಕೊಂಡಿದ್ದೀರಿ."

ಅವರ ಭಾಷೆ ನನಗೆ ಅರ್ಧಂಬರ್ಧ, ನಮ್ಮದು ಅವರಿಗೆ. ಮಿಕ್ಕಿದ್ದು ಸ್ಪ್ಯಾನರ್ ಮಾತಾಡುತ್ತದೆ.

ಮಾರ್ಚ್ 8

ಇಂದು ಟ್ರಯಲ್. ಬಂದರಿನ ಬಾಯಿ ದಾಟಿದ ಮೇಲೆ ಫುಲ್ ಅಹೆಡ್, ಪೂರ್ತಿ ವೇಗ. ಇಂಜಿನ್ ರೂಮಿನಲ್ಲಿ ಕಿಟಕಿ ಇಲ್ಲ. ಹಡಗು ಎದ್ದು ಓಡಿದ್ದು ಅಂಗಾಲಿಗೆ ಗೊತ್ತಾಯಿತು.

ಬೀಗರು ಟೆಂಪರೇಚರ್ ಗೇಜಿನ ಗಾಜಿಗೆ ಬೆರಳು ತಟ್ಟಿ ಕಿವಿಯ ಹತ್ತಿರ ಕೂಗಿದರು — "ಮುಳ್ಳು ಅಲ್ಲಾಡಲ್ಲ ನೋಡಿ! ಇಷ್ಟು ವರ್ಷ ಓಡಿಸಿದೀನಿ. ಒಂದೇ ಒಂದು ದಿನ ಬಿಸಿ ಏರಿಲ್ಲ ಇವು."

ನಮ್ಮ ಕ್ಯಾಪ್ಟನ್ ಏಣಿ ಇಳಿದು ಬಂದರು. ಬೀಗರು ಅದೇ ಮಾತನ್ನು ಅವರ ಕಿವಿಗೂ ಕೂಗಿದರು. ನನಗಿಂತ ಚಿಕ್ಕವರು, ಮಾತು ಕಡಿಮೆ, ಹಲ್ಲುನೋವಿದ್ದವರ ಹಾಗೆ ನಗುತ್ತಾರೆ. ಇಂದು ಬಾಯಿ ತುಂಬ ನಕ್ಕರು. "ಇನ್ನು ನಮ್ಮ ಕಡಲಲ್ಲಿ ಯಾವ ಕಳ್ಳದೋಣಿನೂ ತಪ್ಪಿಸ್ಕೊಳ್ಳೋಕಾಗಲ್ಲ, ಚೀಫ್."

ಸಂತೋಷವಾಯಿತು. ಸುಳ್ಳೇಕೆ, ಬಹಳ ಸಂತೋಷವಾಯಿತು.

ಮಾರ್ಚ್ 12

ಮನೆಗೆ ಫೋನ್. ಮಗಳಿಗೆ ಲೆಕ್ಕದ ಪರೀಕ್ಷೆ ಸುಲಭವಿತ್ತಂತೆ — ಅಂದರೆ ಮಾರ್ಕ್ಸು ಕಷ್ಟ. ತಮ್ಮ ಮೀನುಗಾರರ ಸಂಘಕ್ಕೆ ಕಾರ್ಯದರ್ಶಿ ಆದನಂತೆ. ದೋಣಿ ಓಡಿಸುವುದು ಬಿಟ್ಟು ಭಾಷಣ ಮಾಡಿಕೊಂಡು ತಿರುಗುತ್ತಾನೆ ಅಂತ ಹೆಂಡತಿಯ ದೂರು. "ನಿಮ್ಮ ತಮ್ಮನಿಗೆ ನೀವಾದ್ರೂ ಹೇಳ್ರೀ." ಅವನು ಯಾರ ಮಾತು ಕೇಳಿದ್ದಾನೆ. ಅಪ್ಪ ತೀರಿಕೊಂಡ ಮೇಲೆ ಅವನನ್ನು ಬೆಳೆಸಿದವನು ನಾನೇ. ಆದ್ದರಿಂದ ನನ್ನ ಮಾತಂತೂ ಕೇಳುವುದೇ ಇಲ್ಲ.

ಶನಿವಾರ ಹಸ್ತಾಂತರ. ಅಲ್ಲಿಂದ ಒಂದು ವಾರದ ದಾರಿ. ತಿಂಗಳ ಕೊನೆಗೆ ಮನೆ.

ಮಾರ್ಚ್ 15

ಬಂದರಿನ ಧಕ್ಕೆಯ ಮೇಲೆ ಬೆಳಿಗ್ಗೆಯೇ ಕುರ್ಚಿ ಹಾಕಿದ್ದರು. ಕೆಂಪು ಕಾರ್ಪೆಟ್. ಇಸ್ತ್ರಿ ಸಮವಸ್ತ್ರದಲ್ಲಿ ಒಂಬತ್ತೂ ಜನ ಡೆಕ್ ಮೇಲೆ ಸಾಲಾಗಿ ನಿಂತಿದ್ದೆವು. ಬ್ಯಾಂಡಿನವರು ನುಡಿಸಲು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ಒಬ್ಬ ಅಧಿಕಾರಿ ಓಡಿ ಬಂದು ಇನ್ನೊಬ್ಬರ ಕಿವಿಯಲ್ಲಿ ಏನೋ ಹೇಳಿದ. ಅವರು ನಮ್ಮ ಕಡೆ ನೋಡಿದರು. ಆಮೇಲೆ ನೋಡಲಿಲ್ಲ.

ಕುರ್ಚಿ ಮಡಚಿದರು. ಕಾರ್ಪೆಟ್ ಸುತ್ತಿದರು. ನಾವು ನಿಂತೇ ಇದ್ದೆವು. ಬಿಸಿಲು.

ಕೊನೆಗೆ ಬೀಗರು ಬಂದು ಹೇಳಿದರು. ನಮ್ಮ ದೇಶದಲ್ಲಿ ಸೇನೆಯ ಒಂದು ಗುಂಪು ಬೆಳಗಾಗುವುದರೊಳಗೆ ಸರ್ಕಾರ ಉರುಳಿಸಿದೆ. ರೇಡಿಯೋ ಸ್ಟೇಷನ್, ವಿಮಾನ ನಿಲ್ದಾಣ ಎಲ್ಲ ಅವರ ಕೈಯಲ್ಲಿ. "ಹಡಗು ಯಾರ ಕೈಗೆ ಕೊಡೋದು ಅಂತ ನಮ್ಮೋರಿಗೆ ಗೊತ್ತಾಗ್ತಿಲ್ಲ. ಸ್ವಲ್ಪ ದಿನ ತಡೀರಿ."

ಫೋನ್ ಹೋಗುತ್ತಿಲ್ಲ. ಎಷ್ಟು ಸಲ ಮಾಡಿದರೂ ಅದೇ ಹೆಂಗಸಿನ ದನಿ, ಅದೇ ಮಾತು.

ಮಾರ್ಚ್ 16

ಫೋನ್ ಇಲ್ಲ.

ಮಾರ್ಚ್ 18

ಇಲ್ಲ.

ಏಪ್ರಿಲ್ 4

ಬರೆಯುವುದಕ್ಕೆ ಏನೂ ಇಲ್ಲದೆ ಬರೆದಿರಲಿಲ್ಲ.

ಹಡಗಿನಲ್ಲೇ ವಾಸ. ಹಾಸ್ಟೆಲ್ ಕೋಣೆ ಖಾಲಿ ಮಾಡಿಸಿದರು. ಇಳಿಯುವ ಹಲಗೆಯ ಹತ್ತಿರ ಇಬ್ಬರು ಕಾವಲು. ಕ್ಯಾಂಟೀನ್‌ಗೆ ಹೋಗಬಹುದು, ಗೇಟು ದಾಟುವ ಹಾಗಿಲ್ಲ. ಸಮುದ್ರಕ್ಕೂ ಹೋಗುವ ಹಾಗಿಲ್ಲ — ಡೀಸೆಲ್ ಎಳೆದುಕೊಂಡಿದ್ದಾರೆ. ನಾವು ಅತಿಥಿಗಳಲ್ಲ, ಕೈದಿಗಳೂ ಅಲ್ಲವಂತೆ. ಹಾಗಾದರೆ ಏನು ಅಂತ ಕ್ಯಾಪ್ಟನ್ ಕೇಳಿದರು. ಅಧಿಕಾರಿ ಪಾಪ, ಟೀ ತರಿಸಿದ.

ಹಡಗಿನ ಫಿರಂಗಿಯ ಮೇಲೆ ಬಟ್ಟೆ ಒಣಹಾಕುತ್ತೇವೆ. ಅಡುಗೆಯವನ ಬನಿಯನ್ ನಳಿಗೆಯ ತುದಿಯಲ್ಲಿ. "ಶತ್ರುಗಳು ಹೆದರ್ಲಿ ಬಿಡಿ" ಅನ್ನುತ್ತಾನೆ.

ಬೀಗರು ದಿನಾ ಬರುತ್ತಾರೆ. ಅವರಿಗೆ ಬರುವ ಅಗತ್ಯವಿಲ್ಲ. ಇಬ್ಬರೂ ಕೂತು ಒರೆಸಿದ್ದನ್ನೇ ಒರೆಸುತ್ತೇವೆ.

ಏಪ್ರಿಲ್ 13

ನಮ್ಮ ಒಂಬತ್ತು ಜನರಲ್ಲಿ ರೇಡಿಯೋದವನು ಕ್ಯಾಂಟೀನ್‌ಗೆ ಹೋದವನು ವಾಪಸ್ ಬರಲಿಲ್ಲ. ಬೇಲಿ ಹಾರಿ ಊರೊಳಗೆ ಹೋಗಿ ಆಶ್ರಯ ಕೇಳಿದ್ದಾನೆ. ಹಾಸಿಗೆ ನೀಟಾಗಿ ಮಡಚಿಟ್ಟಿದ್ದ. ಹುಡುಗರಲ್ಲಿ ಇಬ್ಬರು ಬೈದರು, ಮಿಕ್ಕವರು ಸುಮ್ಮನಿದ್ದರು. ಸುಮ್ಮನಿದ್ದವರೆಲ್ಲ ಅದನ್ನೇ ಯೋಚಿಸುತ್ತಿದ್ದರು ಅಂತ ಕಾಣುತ್ತದೆ. ನಾನೂ.

ಏಪ್ರಿಲ್ 21

ರೇಡಿಯೋದವನ ತಂದೆಯನ್ನು ಅಲ್ಲಿ ಹಿಡಿದುಕೊಂಡು ಹೋಗಿದ್ದಾರೆ. ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಕ್ಯಾಪ್ಟನ್ ನಮ್ಮನ್ನೆಲ್ಲ ಡೆಕ್ ಮೇಲೆ ಕರೆದು ಇಷ್ಟೇ ಹೇಳಿ ಒಳಗೆ ಹೋದರು. ಬುದ್ಧಿ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಮೇ 6

ಫೋನ್ ಸಿಕ್ಕಿತು! ಇವಳ ದನಿ. "ರೀ" ಅಂದಳು. ಇಬ್ಬರೂ ಬರೀ ಉಸಿರಾಡಿದೆವು.

ಅವಳನ್ನೂ ಮಗಳನ್ನೂ ನೌಕಾನೆಲೆಯ ಕ್ವಾರ್ಟರ್ಸಿಗೆ ತಂದಿದ್ದಾರೆ. ಉಳಿದ ನಮ್ಮ ಎಂಟೂ ಜನರ ಮನೆಯವರನ್ನು. "ಭದ್ರತೆಗೆ ಅಂತೆ" ಅಂದಳು. ಭದ್ರತೆ ಅನ್ನುವ ಮಾತನ್ನು ನಿಧಾನವಾಗಿ ಹೇಳಿದಳು. ಇನ್ಯಾರೋ ಕೇಳಿಸಿಕೊಳ್ಳುತ್ತಿದ್ದರು ಅಂತ ಇಬ್ಬರಿಗೂ ಗೊತ್ತು.

"ತಮ್ಮ ಹೇಗಿದ್ದಾನೆ?"

"ಚೆನ್ನಾಗಿದ್ದಾನೆ. ಸಂಘದವ್ರು ಒಬ್ಬೊಬ್ರೇ ಕಾಣ್ತಾ ಇಲ್ಲ. ಇವನು ಮನೇಲಿ ಮಲಗ್ತಿಲ್ಲ... ಹೆಂಡ್ತಿ ಮಗೂನ ಕರ್ಕೊಂಡು ಅಕ್ಕನ ಮನೆಗೆ ಹೋಗಿ ಇದ್ದುಬಿಡ್ತಾನಂತೆ. ಕಡಲು ಸ್ವಲ್ಪ ಶಾಂತ ಆಗ್ಲಿ ಅಂತ ಕಾಯ್ತಿದ್ದಾನೆ."

ನಮಗೆ ಅಕ್ಕ ಇಲ್ಲ.

ನಮ್ಮೂರ ಎದುರಿನ ಜಲಸಂಧಿಯ ಆಚೆ ದಡ ಪಕ್ಕದ ದೇಶದ್ದು. ಮೀನುದೋಣಿಯಲ್ಲಿ ಒಂದು ಬೆಳಗಿನ ದಾರಿ. ಅರ್ಥವಾಯಿತು.

ಮೇ 19

ಈ ದೇಶ ನಮ್ಮ ಹೊಸ ಸರ್ಕಾರವನ್ನು ಒಪ್ಪಿಕೊಂಡಿತು. ಮತ್ತೆ ಸ್ನೇಹ. ಡೀಸೆಲ್ ಟ್ಯಾಂಕರ್ ಬಂತು. ಹುಡುಗರು ಕುಣಿದರು, ಮನೆಗೆ ಹೋಗಬಹುದು ಅಂತ.

ಮಧ್ಯಾಹ್ನ ವಿಮಾನದಲ್ಲಿ ಒಬ್ಬ ಬಂದಿಳಿದ. ರೇಡಿಯೋದವನ ಬದಲಿಗೆ ಅಂತೆ. ರೇಡಿಯೋ ಮುಟ್ಟಲೂ ಬರುವುದಿಲ್ಲ. ಹೊಳೆಯುವ ಬೂಟು. ಊಟಕ್ಕೆ ಕೂತಾಗ ಎಲ್ಲರ ತಟ್ಟೆಯನ್ನೂ ನೋಡಿದ, ಎಲ್ಲರ ಮನೆಯವರ ಕ್ಷೇಮವನ್ನೂ ಹೆಸರು ಹಿಡಿದು ವಿಚಾರಿಸಿದ. ನನ್ನ ಮಗಳಿಗೆ ಲೆಕ್ಕ ಕಷ್ಟ ಅನ್ನುವುದೂ ಅವನಿಗೆ ಗೊತ್ತು.

"ಕರೀದೇ ಬಂದ ನೆಂಟ" ಅಂದ ಅಡುಗೆಯವನು, ಅವನು ಎದ್ದು ಹೋದ ಮೇಲೆ. ನೆಂಟ ಅಂತಲೇ ಹೆಸರಾಯಿತು. ಈ ಸಲ ಯಾರೂ ನಗಲಿಲ್ಲ.

ಮೇ 20

ಕ್ಯಾಪ್ಟನ್ ಹೊಸ ಆದೇಶ ಓದಿದರು. ಹಡಗು ನೇರ ಜಲಸಂಧಿಗೆ. "ದೇಶ ಬಿಟ್ಟು ಓಡುವವರನ್ನು ತಡೆಯುವುದು ಮೊದಲ ಕರ್ತವ್ಯ." ಓದುವಾಗ ಅವರ ಮುಖದಲ್ಲಿ ಏನೂ ಇರಲಿಲ್ಲ. ಗೋಡೆ ಓದಿದ ಹಾಗೆ.

ಕೆಳಗೆ ಹೋಗಿ ಇಂಜಿನ್ ಎದುರು ಕೂತೆ. ಒಂದೊಂದು ನಟ್ಟೂ ನನ್ನ ಕೈ ಮುಟ್ಟಿದ್ದು. ಎಷ್ಟು ಚೆನ್ನಾಗಿ ಮಾಡಿದ್ದೇನೆ! ತಮ್ಮನ ದೋಣಿಯ ಮೂರು ಪಟ್ಟು ವೇಗ.

ಮೇ 23

ಬೀಗರಿಗೆ ಹೇಳಿಬಿಟ್ಟೆ. ತಮ್ಮನ ವಿಷಯ. ಪಂಪಿನ ಹಿಂದೆ ಕೂತು, ಬ್ಲೋವರ್ ಸದ್ದಿನಲ್ಲಿ. ಅವರು ಕೈ ಒರೆಸಿಕೊಂಡರು.

"ನಾಳೆ ಹೊಟ್ಟೆನೋವು ಅನ್ನಿ. ನೌಕಾಪಡೆ ಆಸ್ಪತ್ರೆ ಡಾಕ್ಟ್ರು ನನ್ನ ಅಳಿಯ. ಒಳಗೆ ಸೇರಿಸ್ಕೋತಾನೆ. ಹಡಗು ಹೊರಟ್ ಹೋಗತ್ತೆ. ಆಮೇಲೆ ನೋಡ್ಕೊಳೋಣ."

"ನೆಂಟನಿಗೆ ನನ್ನ ಮಗಳ ಮಾರ್ಕ್ಸು ಗೊತ್ತು, ಬೀಗರೇ."

ಅವರಿಗೆ ಅರ್ಥವಾಯಿತು. "ಹಾಗಾದ್ರೆ ಇಂಜಿನ್ ಕೆಡಿಸಿಬಿಡೋಣ. ಇಲ್ಲೇ. ನಾನೇ ಕೆಡಿಸ್ತೀನಿ" ಅಂದರು. ಮಗಳ ಕತ್ತು ಹಿಸುಕುತ್ತೇನೆ ಅಂದ ಹಾಗಿತ್ತು. ಬೇಡ ಅಂದೆ. ಕೆಟ್ಟರೆ ಬೇರೆ ಇಂಜಿನ್ ಕೊಡುತ್ತಾರೆ, ಬೇರೆ ಚೀಫ್ ಬರುತ್ತಾನೆ, ಮನೆಯವರು ಅಲ್ಲೇ ಇರುತ್ತಾರೆ. ಅತ್ತ ದರಿ, ಇತ್ತ ಪುಲಿ.

ಮೇ 26

ಹಸ್ತಾಂತರ ಆಯಿತು. ಅದೇ ಕುರ್ಚಿ, ಅದೇ ಕಾರ್ಪೆಟ್. ಬ್ಯಾಂಡು ಈ ಸಲ ಪೂರ್ತಿ ನುಡಿಸಿತು. ಅವರ ಬಾವುಟ ಇಳಿಯಿತು, ನಮ್ಮದು ಏರಿತು. ಬೀಗರು ಹಗ್ಗ ಬಿಚ್ಚುವಾಗ ಹಡಗಿನ ಮೈ ಮೇಲೆ ಕೈ ಇಟ್ಟು ನಿಂತರು. ಹಡಗು ಜರುಗಿದ ಹಾಗೆ ಅವರೂ ಎರಡು ಹೆಜ್ಜೆ ಜೊತೆಗೆ ನಡೆದರು. ಆಮೇಲೆ ಧಕ್ಕೆ ಮುಗಿಯಿತು.

ಇದೆಲ್ಲ ಅಡುಗೆಯವನು ಹೇಳಿದ್ದು. ನಾನು ಕೆಳಗಿದ್ದೆ.

ಮೇ 30

ಕಡಲು ತಣ್ಣಗಿದೆ. ಇಷ್ಟು ದಿನ ಕಡಲು ಶಾಂತವಾಗಿರಲಿ ಅಂತ ಕೈಮುಗಿಯುತ್ತಿದ್ದೆ. ಈಗ ಏಳಲಿ ಅಂತ ಬೇಡುತ್ತೇನೆ. ಏಳುತ್ತಿಲ್ಲ.

ನೆಂಟನಿಗೆ ಮಾತ್ರ ಈ ಅಲೆಯೂ ಸಾಕು. ಎರಡು ದಿನದಿಂದ ಹಾಸಿಗೆ ಬಿಟ್ಟಿಲ್ಲ. ದೇವರು ಇದ್ದಾನೆ, ಆದರೆ ಚಿಲ್ಲರೆ ಕೊಡುತ್ತಾನೆ.

ಜೂನ್ 3, ಮಧ್ಯಾಹ್ನ

ಕೈ ತೊಳೆಯುವ ಮೊದಲೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಜಲಸಂಧಿ ಮುಟ್ಟಿದೆವು. ತಿಂಡಿ ಮುಗಿಸಿ ಕೆಳಗೆ ಬಂದಿದ್ದೆ ಅಷ್ಟೆ. ಚುಕ್ಕಾಣಿ ಕೋಣೆಯಿಂದ ಫೋನ್. ಕ್ಯಾಪ್ಟನ್. "ಚೀಫ್, ಮೀನುದೋಣಿ ಒಂದು. ಜನ ತುಂಬಿದ್ದಾರೆ. ಆಚೆ ದಡದ ಕಡೆ ಮುಖ. ಫುಲ್ ಅಹೆಡ್ ಕೊಡಿ."

ಕೊಟ್ಟೆ. ಅಭ್ಯಾಸಬಲ — ಕೈಗೆ ಯೋಚನೆ ಇಲ್ಲ. ಹಡಗು ಎದ್ದಿತು. ಅಂಗಾಲಿನಲ್ಲಿ ಅದೇ ಸುಖ. ಅದಾದ ಮೇಲೆ ತಮ್ಮ ನೆನಪಾದ. ಇಲ್ಲಿ ಕಿಟಕಿ ಇಲ್ಲ. ಯಾರ ದೋಣಿ? ಎಷ್ಟು ದೂರ? ಮಗು ಇದೆಯಾ? ಏನೂ ಕಾಣುವುದಿಲ್ಲ. ಬರೀ ಗೇಜುಗಳು, ಎಲ್ಲ ಸರಿ ಅನ್ನುತ್ತಿವೆ.

ಬಲಗಡೆ ಇಂಜಿನ್‌ಗೆ ಸಮುದ್ರದ ನೀರು ಬರುವ ವಾಲ್ವ್ ನನ್ನ ಮೊಣಕಾಲ ಹತ್ತಿರ. ಕೂತೆ. ತಿರುಗಿಸಿದೆ. ಪೂರ್ತಿ ಅಲ್ಲ, ಮುಕ್ಕಾಲು. ಮುಳ್ಳು ಮೆಲ್ಲಗೆ ಏರಿತು. ಕೆಂಪು ಮುಟ್ಟಿದಾಗ ಗಂಟೆ ಹೊಡೆಯಿತು. ಫೋನ್ ಎತ್ತಿದೆ.

"ಸಾರ್, ಬಲಗಡೆದು ಬಿಸಿ ಏರ್ತಿದೆ. ನಿಲ್ಲಿಸ್ಲೇಬೇಕು. ಇಲ್ಲಾಂದ್ರೆ ಸುಟ್ಟುಹೋಗತ್ತೆ."

ಕ್ಯಾಪ್ಟನ್ ಟ್ರಯಲ್‌ನಲ್ಲಿ ಇದ್ದವರು. ಬೀಗರ ಮಾತು ಕೇಳಿಸಿಕೊಂಡವರು.

"ಎಷ್ಟು ಹೊತ್ತು ಬೇಕು?"

"ನೋಡ್ಬೇಕು ಸಾರ್."

ಆಮೇಲೆ, ಪಕ್ಕದಲ್ಲಿ ಯಾರೋ ಇದ್ದಾರೆ ಅನ್ನುವ ಹಾಗೆ ಸ್ವಲ್ಪ ಜೋರಾಗಿ — "ಸರಿ. ಗಡಿಬಿಡಿ ಮಾಡ್ಬೇಡಿ. ಇಂಜಿನ್ ಮುಖ್ಯ."

ಒಂದೇ ಇಂಜಿನ್‌ನಲ್ಲಿ ಕುಂಟಿಕೊಂಡು ಹೋದೆವು. ವಾಲ್ವ್ ತೆರೆದಿಟ್ಟು, ಫಿಲ್ಟರ್ ಬಿಚ್ಚಿ, ಕಡಲ ಪಾಚಿ ಸಿಕ್ಕಿಕೊಂಡಿತ್ತು ಅಂದೆ. ಮೇಲೆ ಹೋಗುವಷ್ಟರಲ್ಲಿ ಕಡಲು ಖಾಲಿ ಇತ್ತು. ದೋಣಿ ಆಚೆಯ ದೇಶದ ಗಡಿ ದಾಟಿತ್ತು.

ಕ್ಯಾಪ್ಟನ್ ರೇಲಿಂಗ್ ಹಿಡಿದು ನಿಂತಿದ್ದರು. ನನ್ನ ಕಡೆ ತಿರುಗದೆ ಹೇಳಿದರು — "ಹಿಂದೆ ಕೂತಿದ್ದ ಮುದುಕಿ ನಮಗೆ ಬೆನ್ನು ಹಾಕಿ ಕೂತಿದ್ರು. ಒಂದ್ಸಲಾನೂ ತಿರುಗಿ ನೋಡ್ಲಿಲ್ಲ."

ನೆಂಟ ಬಾಗಿಲಲ್ಲಿ ನಿಂತಿದ್ದ. ಮುಖ ಬಿಳಿಚಿತ್ತು, ಕಣ್ಣು ಮಾತ್ರ ಚುರುಕು.

ಜೂನ್ 5

ನಮ್ಮ ಬಂದರು. ಯಾರೂ ಇಳಿಯುವ ಹಾಗಿಲ್ಲ. ವಿಚಾರಣೆ.

ಬೇಲಿಯಾಚೆ ಇವಳೂ ಮಗಳೂ ನಿಂತಿದ್ದು ಕಂಡಿತು. ಮಗಳು ಎತ್ತರ ಬೆಳೆದಿದ್ದಾಳೆ. ಕೈ ಬೀಸಿದೆ. ಅವರ ಪಕ್ಕದ ಕಾವಲಿನವನೂ ಯಾಕೋ ಕೈ ಬೀಸಿದ.

ಜೂನ್ 8

ನೆಲೆಯ ಇಂಜಿನಿಯರ್ ಬಂದು ಬಲಗಡೆ ಇಂಜಿನ್ ಬಿಚ್ಚಿಸಿದರು. ಒಳ್ಳೇ ಕೆಲಸಗಾರ್ತಿ, ತೋಳು ಮಡಚಿ ತಾವೇ ಒಳಗೆ ಕೈ ಹಾಕಿದರು. ಏನೂ ಸಿಗಲಿಲ್ಲ. "ಇಷ್ಟು ಚೆನ್ನಾಗಿರೋ ಇಂಜಿನ್ ಯಾಕೆ ಬಿಸಿ ಆಗತ್ತೆ, ಚೀಫ್?"

"ಪಾಚಿ, ಮೇಡಂ."

"ಆ ಜಾಗದಲ್ಲಿ ಪಾಚಿ ನಾನು ನೋಡಿಲ್ಲ."

ನೆಂಟ ಫೋನ್ ತರಿಸಿದ. ಹಡಗಿಗೆ ಇನ್ನೂ ಗ್ಯಾರಂಟಿ ಇದೆ, ಕೊಟ್ಟವರನ್ನೇ ಕೇಳೋಣ ಅಂದ. ನನ್ನೆದುರೇ, ಸ್ಪೀಕರ್ ಹಾಕಿ, ಬೀಗರನ್ನು ಹಿಡಿದರು. ಒಂದೇ ಒಂದು ದಿನ ಬಿಸಿ ಏರಿಲ್ಲ ಅಂತ ಎದೆ ತಟ್ಟಿಕೊಂಡಿದ್ದ ಮನುಷ್ಯ. ಕುರ್ಚಿಯ ಅಂಚು ಹಿಡಿದು ಕೂತೆ.

"ಬಲಗಡೆದಾ?" ಬೀಗರ ದನಿ. "ಅಯ್ಯೋ, ಅದು ಮೊದಲಿಂದ್ಲೂ ಹಾಗೇ. ಫುಲ್ ಕೊಟ್ರೆ ಜ್ವರ ಬರತ್ತೆ. ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತ ನಿಮ್ಮ ಚೀಫೇ ಹೇಳಿಕೊಟ್ಟಿದ್ದು ನನಗೆ. ಅದರ ಮನಸ್ಸು ತಿಳಿದೋನು ಅವನೊಬ್ಬನೇ. ಬಿಡಬೇಡಿ ಅವನನ್ನ."

ನನ್ನ ಸಲುವಾಗಿ ತಮ್ಮ ಇಂಜಿನ್ನಿಗೆ ಅಪವಾದ ಹೊರಿಸಿದರು. ಆ ಮನುಷ್ಯನಿಗೆ ಅದೆಷ್ಟು ಕಷ್ಟವಾಗಿರಬೇಕು.

ಜೂನ್ 10

ನಿರ್ದೋಷಿ. ಕ್ಯಾಪ್ಟನ್ ಕೈ ಕುಲುಕಿದರು. ಆಮೇಲೆ ಆದೇಶ ಕೊಟ್ಟರು. ಅದರ ಮನಸ್ಸು ತಿಳಿದವನು ನಾನೊಬ್ಬನೇ ಆದ್ದರಿಂದ ಈ ಹಡಗಿಗೇ ಕಾಯಂ. ರಜೆ ಇಲ್ಲ, ವರ್ಗ ಇಲ್ಲ. ನೆಂಟನ ಸೇರ್ಪಡೆ ಒಂದು: ಇನ್ನು ಮುಂದೆ ಗಸ್ತಿನಲ್ಲಿ ಅವನೂ ಇಂಜಿನ್ ರೂಮಿನಲ್ಲೇ ಕೂರುತ್ತಾನೆ. ನನ್ನ ಪಕ್ಕ ಸ್ಟೂಲ್ ಹಾಕಿಸಿದ್ದಾನೆ. ವಾಲ್ವ್‌ಗಳಿಗೆಲ್ಲ ಸರಪಳಿ, ಬೀಗ. ಕೀಲಿ ಅವನ ಸೊಂಟದಲ್ಲಿ.

ಬೀಗರು ಬಿಡಿಸಲು ಹೇಳಿದ ಮಾತೇ ಕಟ್ಟಿಹಾಕಿತು.

ಜೂನ್ 14

ಗಸ್ತಿನ ನಡುವೆ ಕ್ವಾರ್ಟರ್ಸಿನಲ್ಲಿ ಒಂದು ದಿನ. ಕಿಟಕಿಗೆ ಹೊಸ ಪರದೆ, ಹೊಸ ಸ್ಟವ್, ಬಾಗಿಲಿಗೆ ಒಳಗಡೆ ಚಿಲಕ ಇಲ್ಲ. ಇವಳು ನಲ್ಲಿ ಜೋರಾಗಿ ಬಿಟ್ಟು ಪಾತ್ರೆ ತೊಳೆಯುತ್ತಾ ಮಾತಾಡುತ್ತಾಳೆ. ಪಕ್ಕ ನಿಂತು ಒರೆಸುತ್ತಾ ಕೇಳಿದೆ — ತಮ್ಮ ಮುಟ್ಟಿದನಾ?

"ಯಾವ ಮುಟ್ಟೋದು? ಅವನಿನ್ನೂ ಹೊರಟೇ ಇಲ್ವಲ್ಲ!"

ಆ ದೋಣಿ ಅವನದಾಗಿರಲಿಲ್ಲ. ಗುರುತಿಲ್ಲದ ಯಾರೋ. ಗೋಡೆಗೆ ಒರಗಿದೆ. ಬೇಸರವಾಗಬೇಕಿತ್ತೋ ಏನೋ. ಆ ಬೆನ್ನು ಹಾಕಿ ಕೂತ ಮುದುಕಿ ನೆನಪಾದರು. ಬೇಸರ ಆಗಲಿಲ್ಲ.

ಜೂನ್ 15

ಮಾರ್ಕೆಟ್ಟಿಗೆ ಹೋಗಲು ಅರ್ಧ ದಿನ ಬಿಟ್ಟರು. ಮೀನಿನ ಸಾಲಿನಲ್ಲಿ ಐಸ್ ಪೆಟ್ಟಿಗೆ ಹೊತ್ತವನೊಬ್ಬ ಡಿಕ್ಕಿ ಹೊಡೆದ. ತಮ್ಮ. ಗಡ್ಡ ಬಿಟ್ಟಿದ್ದಾನೆ, ಸೊರಗಿದ್ದಾನೆ, ಹಲ್ಲು ಮಾತ್ರ ಅದೇ.

"ಅಣ್ಣಾ, ಊರೆಲ್ಲ ನಿನ್ನ ಹಡಗಿನ ಮಾತೇ. ಜ್ವರದ ಹಡಗು ಅಂತಾರೆ. ಓಡೋಕೆ ಹೋದ್ರೆ ಮೈ ಬಿಸಿ ಆಗತ್ತಂತೆ!"

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು. ಆಚೆ ಹೋದೋರು ಹೇಳಿ ಕಳ್ಸಿದಾರೆ. ಈಗ ಎಲ್ಲರಿಗೂ ಧೈರ್ಯ. ಏಳು ದೋಣಿ ತಯಾರಾಗಿದೆ. ಹೆಂಗಸ್ರು, ಮಕ್ಕಳು. ಮೊದಲನೇದು ನಂದು."

"ಬೇಡ ಕಣೋ. ಈ ಸಲ ಆಗಲ್ಲ. ಪಕ್ಕದಲ್ಲೇ ಒಬ್ಬ ಕೂರ್ತಾನೆ. ಎಲ್ಲದಕ್ಕೂ ಬೀಗ ಹಾಕಿದಾರೆ. ನನ್ನ ಕೈಲಿ ಏನೂ ಇಲ್ಲ."

ಅವನು ಪೆಟ್ಟಿಗೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ. "ಇಲ್ಲಿದ್ರೂ ಇನ್ನು ಹದಿನೈದು ದಿನ. ಮನೆಮನೆ ಹುಡುಕ್ತಿದ್ದಾರೆ. ನೀನು ಅದರೊಳಗಿದ್ದೀಯ ಅನ್ನೋದೇ ನಮಗೆ ಇರೋ ಒಂದು ಧೈರ್ಯ. ಅದನ್ನೂ ಕಿತ್ಕೋಬೇಡ."

ಬೈಯಬೇಕೆಂದು ಬಾಯಿ ತೆರೆದೆ. ಜನಸಂದಣಿ ಅವನನ್ನು ಎಳೆದುಕೊಂಡು ಹೋಯಿತು.

ನಾನು ಒಂದು ದೋಣಿ ಬಿಟ್ಟೆ. ಅದನ್ನು ನಂಬಿ ಏಳು ಹೊರಟಿವೆ.

ಜೂನ್ 22

ಗಸ್ತು. ನೆಂಟ ಸ್ಟೂಲ್ ಮೇಲೆ. ಕಿವಿಗೆ ಹತ್ತಿ, ಕಣ್ಣು ಗೇಜಿಗೆ. ಏನೂ ಸಿಗಲಿಲ್ಲ.

ಜೂನ್ 26

ಗಸ್ತು. ಏನೂ ಇಲ್ಲ. ಕಡಲು ಕನ್ನಡಿಯ ಹಾಗೆ.

ಜೂನ್ 28

ನಲ್ಲಿ ಬಿಟ್ಟುಕೊಂಡು ಇವಳಿಗೆ ಎಲ್ಲ ಹೇಳಿದೆ. ಮಗಳನ್ನು ಕರೆದುಕೊಂಡು ತವರಿಗೆ ಹೋಗುವ ಪರ್ಮಿಶನ್ ಕೇಳು, ತಾಯಿಗೆ ಹುಷಾರಿಲ್ಲ ಅನ್ನು, ಅಂದೆ.

"ಆಗ್ಲೇ ಕೇಳಿದೆ. ಕೊಡಲ್ವಂತೆ." ತಟ್ಟೆ ತಿಕ್ಕುತ್ತಲೇ ಇದ್ದಳು. ಸ್ವಚ್ಛವಾದ ತಟ್ಟೆಯನ್ನೇ ಮತ್ತೆ ತಿಕ್ಕಿದಳು. "ಅವನ ಮಗೂಗೆ ಮೊದಲ ತುತ್ತು ಉಣ್ಸಿದ್ದು ನಾನು, ಗೊತ್ತಲ್ಲ?"

"ನಿನಗೂ ಮಗಳಿಗೂ ಏನಾದ್ರೂ..."

"ನಮ್ಮನ್ನ ಮುಂದಿಟ್ಕೊಂಡು ನೀವು ಸುಮ್ನೆ ಕೂತ್ರೆ, ನಾಳೆ ನಾನು ಮಗಳ ಮುಖ ಹೇಗೆ ನೋಡ್ಲಿ? ನೀವು ಹೇಗೆ ನೋಡ್ತೀರಿ? ನಮ್ಮಿಂದಾಗಿ ಮಾಡ್ಲಿಲ್ಲ ಅಂತ ಮಾತ್ರ ಹೇಳ್ಬೇಡಿ. ನಿಮ್ಮಿಂದ ಆಗಲ್ಲ ಅನ್ನಿಸಿದ್ರೆ ಆಗಲ್ಲ ಅನ್ನಿ. ಅದು ಬೇರೆ."

ಕೋಪದಿಂದ ಹೇಳಲಿಲ್ಲ. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ನನ್ನ ಕಾಲರ್ ಸರಿಮಾಡಿ, ಮಗಳಿಗೆ ಲೆಕ್ಕ ಹೇಳಿಕೊಡಲು ಹೋದಳು. ಇಷ್ಟು ವರ್ಷ ಜೊತೆಗಿದ್ದೂ ಈ ಹೆಂಗಸನ್ನು ನಾನು ಪೂರ್ತಿ ನೋಡಿರಲಿಲ್ಲ.

ಜುಲೈ 1, ಬೆಳಿಗ್ಗೆ

ಇಂಜಿನ್ ರೂಮಿನಲ್ಲೇ ಕೂತು ಬರೆಯುತ್ತಿದ್ದೇನೆ. ಇಂಜಿನ್ ನಿಲ್ಲಿಸಿ ಜಲಸಂಧಿಯ ನಡುವೆ ತೇಲುತ್ತಿದ್ದೇವೆ. ಸದ್ದಿಲ್ಲದೆ ಕಾಯುವುದು ಇವತ್ತಿನ ಉಪಾಯ. ನೆಂಟನದು. ನಿಂತ ಹಡಗು ಜಾಸ್ತಿ ಹೊರಳುತ್ತದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ತಡೆದುಕೊಂಡ, ತಡೆದುಕೊಂಡ, ಕೊನೆಗೆ ಬಾಯಿಗೆ ಕೈ ಅಡ್ಡ ಹಿಡಿದು ಏಣಿ ಹತ್ತಿ ಓಡಿದ. ಮೇಲೆ ರೇಲಿಂಗ್ ಹತ್ತಿರ ಅವನ ಸದ್ದು ಇಲ್ಲಿಗೂ ಕೇಳುತ್ತದೆ.

ನೀರಿನ ವಾಲ್ವ್‌ಗಳಿಗೆ ಬೀಗವಿದೆ. ಎಣ್ಣೆ ಇಳಿಸುವ ತಿರುಪಿಗೆ ಇಲ್ಲ. ಅದು ಇಂಜಿನ್ನಿನ ಹೊಟ್ಟೆಯ ಕೆಳಗಿದೆ, ಬಗ್ಗಿದವನಿಗಷ್ಟೇ ಕಾಣುತ್ತದೆ.

ಬಗ್ಗಿದೆ. ಎರಡರದ್ದೂ ಬಿಚ್ಚಿದೆ. ಎಣ್ಣೆ ಪೂರ್ತಿ ಹಡಗಿನ ತಳಕ್ಕೆ ಇಳಿಯಿತು. ಎಚ್ಚರಿಕೆ ಗಂಟೆಯ ತಂತಿ ಕಿತ್ತಿದ್ದೇನೆ. ಎಣ್ಣೆಯಿಲ್ಲದೆ ಫುಲ್ ಕೊಟ್ಟರೆ ಒಳಗಿನ ಲೋಹ ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಇದು ಜ್ವರವಲ್ಲ. ಇದಕ್ಕೆ ಮದ್ದಿಲ್ಲ. ಪಾಚಿ ಅಂತ ಹೇಳುವ ಹಾಗೂ ಇಲ್ಲ. ಯಾರು ಮಾಡಿದ್ದು ಅಂತ ಕುರುಡನಿಗೂ ತಿಳಿಯುತ್ತದೆ. ದಡ ಹತ್ತಿರ, ಅಲೆ ಸಣ್ಣದು. ಹುಡುಗರಿಗೆ ಏನೂ ಆಗುವುದಿಲ್ಲ. ಹಡಗನ್ನು ದಡಕ್ಕೆ ಎಳೆದುಕೊಂಡು ಹೋಗುತ್ತಾರೆ.

ಬೀಗರು ಕ್ಷಮಿಸಲಿ. ಒಂದು ಸಲ ಇಂಜಿನ್ ಮೇಲೆ ಕೈ ಇಟ್ಟು ನೋಡಿದೆ. ತಣ್ಣಗಿದೆ.

ಇವಳೂ ಮಗಳೂ... ಅದನ್ನು ಬರೆಯಲಾರೆ.

ಫೋನ್.

ಕ್ಯಾಪ್ಟನ್. "ಚೀಫ್, ದೋಣಿಗಳು ಕಾಣ್ತಿವೆ. ಸಾಲಾಗಿ. ಮುಂದಿನದ್ರಲ್ಲಿ ಮಕ್ಕಳಿದಾರೆ." ಆಮೇಲೆ ಕೇಳಿದರು — "ಇಂಜಿನ್ ತಯಾರಿದೆಯಾ?"

"ತಯಾರಿದೆ ಸಾರ್" ಅಂದೆ.

"ಎರಡೂ?"

"ಎರಡೂ."

ಅವರು ಉಸಿರು ಬಿಟ್ಟಿದ್ದು ಕೇಳಿಸಿತು. ನನ್ನನ್ನು ಬೈದರೋ, ಏನು ತಿಳಿದುಕೊಂಡರೋ. "ಸರಿ. ಸ್ಟಾರ್ಟ್ ಮಾಡಿ" ಅಂದರು.

ಏಣಿಯ ಮೇಲೆ ನೆಂಟನ ಬೂಟು ಇಳಿಯುತ್ತಿದೆ. ಸ್ಟಾರ್ಟ್ ಬಟನ್ ಎದುರಿಗೇ ಇದೆ. ಮೊದಲು ಎಡಗಡೆ—